ಗಿರಣಿಯಕ್ಕ ಬಿಟ್ಟ ಜಾಗ

ಕೊಟ್ಟೂರಿನ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅಕ್ಕ ತತ್ವಪದ ಹಾಡುತ್ತಿದ್ದರು. ಅವರ ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟಿರುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಒಮ್ಮೆ ಕಂಡದ್ದನ್ನೇ ನೆನಪು 'ಸದಾ' ಎಂದು ಮಾಡಿರಬಹುದು. ಆದರೆ ಭಜನೆಯಲ್ಲಿ ಒಂದು ಸಾಲು ಹಾಡಿ, ಅಂಗೈಯನ್ನು ನಮ್ಮತ್ತ ಚಾಚಿ, "ನೀವೂ ಅನ್ರಿ" ಎನ್ನುತ್ತಿದ್ದದ್ದು ಖಚಿತ. ನಾವು ಆ ಸಾಲನ್ನು ತಿರುಗಿ ಹಾಡಿದ ಮೇಲೆಯೇ ಮುಂದಿನದು.

ಆಲ್ಬಂ ಮಾಡಿಸಲು ಅವರನ್ನು ಹರಪನಹಳ್ಳಿಯ ಸ್ಟುಡಿಯೋಗೆ ಕರೆದೊಯ್ದವನು ನಾನು. ಗಾಜಿನ ಕೋಣೆಯಲ್ಲಿ ಒಬ್ಬರೇ ನಿಂತು, ಪ್ರತಿ ಸಾಲಿನ ನಂತರವೂ ಅಂಗೈ ಚಾಚಿ ಸುಮ್ಮನಾದರು.

"ಅಕ್ಕಾರ, ಯಾರಿಗಿ ಕಾಯಾಕತ್ತೀರಿ? ಒಳಗ ನೀವೊಬ್ರೇ ಅದೀರಿ," ಎಂದ ಸ್ಟುಡಿಯೋದವನು.

"ಜನ ಅನ್ನಲಾರದ ನಾ ಹೆಂಗ ಮುಂದ ಹೋಗ್ಲಪ್ಪಾ?"

ಆ ಬಿಡುವುಗಳನ್ನು ಕತ್ತರಿಸಿಬಿಡೋಣ ಎಂದೆ. ಅವರು ಒಪ್ಪಲಿಲ್ಲ.

ಆಲ್ಬಂ ಮೊಬೈಲುಗಳಿಗೆ ಬಂದಾಗ ಊರು ನಕ್ಕಿತು. "ನಡುನಡುವ ಗಿರಣಿ ಕರೆಂಟ್ ಹೋದಂಗ ಹಾಡ್ಯಾಳ" ಎಂದರು. ಅಕ್ಕ ಭಜನೆಗೆ ಬರುವುದನ್ನೇ ನಿಲ್ಲಿಸಿದರು. ಸ್ಟುಡಿಯೋಗೆ ಕರೆದೊಯ್ದು ಅವರ ಹಾಡನ್ನು ನಾನೇ ಕೆಡಿಸಿದೆ ಅನ್ನಿಸಿತು.

ಒಂದು ಬೆಳಿಗ್ಗೆ ನಿಜವಾಗಿಯೇ ಕರೆಂಟ್ ಹೋಗಿ ಗಿರಣಿ ನಿಂತಿತು. ಸರದಿಯಲ್ಲಿ ಕೂತಿದ್ದ ಮುದುಕಿಯೊಬ್ಬಳು ಬೇಸರ ಕಳೆಯಲು ಮೊಬೈಲಿನಲ್ಲಿ ಅಕ್ಕನ ಹಾಡು ಹಚ್ಚಿದಳು. ಮೊದಲ ಸಾಲು ಮುಗಿದು ಮೌನ ಬಂದಾಗ ಆ ಸಾಲನ್ನು ತಾನು ಹಾಡಿದಳು. ಎರಡನೆಯ ಸಾಲಿಗೆ ಡಬ್ಬಿ ಹಿಡಿದು ಕೂತವರೆಲ್ಲ ಸೇರಿದರು. ಯಾರ ದನಿಯೂ ತಡವಾಗಲಿಲ್ಲ. ಅಕ್ಕ ಬಿಟ್ಟ ಜಾಗ ಅಷ್ಟು ಸರಿಯಾಗಿತ್ತು.

ಅಕ್ಕ ಒಳಗಿನಿಂದ ಬಂದು ಕೇಳುತ್ತ ನಿಂತರು. ಆಮೇಲೆ ಬಾಗಿಲಲ್ಲಿದ್ದ ನನ್ನತ್ತ ಅಂಗೈ ಚಾಚಿದರು.

"ನೀನೂ ಅನ್ನಪ್ಪಾ."

ನನ್ನದು ಒಡಕು ದನಿ. ಅಂದೆ. ಇಂದಿಗೂ, ಒಬ್ಬನೇ ಕೇಳುವಾಗಲೂ, ಅನ್ನುತ್ತೇನೆ.