ಹುಣಸೆಹಣ್ಣು ಹಾಕಿ ತಿಕ್ಕಿದ ಸ್ವಿಚ್ಚು

ಪಿಲ್ಲಗುಂಪೆಯ ನನ್ನ ಟೀ ಅಂಗಡಿಯಲ್ಲಿ ಗಂಡ ತಂದಿಟ್ಟ, ಗುಂಡು ಚಿಮ್ಮಿಸಿ ಆಡುವ ಹಳೇ ಪಿನ್‌ಬಾಲ್ ಮೆಷಿನ್ ಇದೆ. ಉರುಳುವ ಗುಂಡು ಬಡಿದರೆ ಸ್ವಿಚ್ಚಿನ ಎರಡು ತಗಡು ಒಂದಕ್ಕೊಂದು ತಾಗಿ ಗಂಟೆ ಹೊಡೆಯುತ್ತದೆ. ಅವನು ಸತ್ತ ಮೇಲೆ ಗಂಟೆ ನಿಂತಿತು, ಆಡುವವರೂ ನಿಂತರು. ಫ್ಯಾಕ್ಟರಿ ಹುಡುಗರು ಟೀ ಕುಡಿದು ಮಾತಿಲ್ಲದೆ ಎದ್ದು ಹೋಗುತ್ತಿದ್ದರು.

ಗಂಟೆ ಹೊಡೆದರೆ ನಾಲ್ಕು ಜನ ಆಡುತ್ತಾ ನಿಂತಾರು ಎಂದು ನಾನೇ ಮೆಷಿನ್ ಬಿಚ್ಚಿದೆ. ತಗಡು ಕಪ್ಪಾಗಿತ್ತು. ಹಿತ್ತಾಳೆ ತಾನೇ ಎಂದು ಹುಣಸೆಹಣ್ಣು ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು, ಗಂಟೆ ಮಾತ್ರ ಹೊಡೆಯಲಿಲ್ಲ. ವಾರದೊಳಗೆ ಹಸಿರು ಕಿಲುಬು ಹಿಡಿಯಿತು.

ಹೊಸಕೋಟೆಯಿಂದ ರಿಪೇರಿಯವನನ್ನು ಕರೆಸಿದೆ. ನೋಡಿ ನಕ್ಕ.

"ಏನಜ್ಜೀ, ದೇವ್ರ ದೀಪ ಅನ್ಕೊಂಡ್ಬಿಟ್ಯಾ?"

"ನಗೋದು ಆಮೇಲೆ, ಮೊದ್ಲು ಕೆಲ್ಸ ಮಾಡಪ್ಪಾ."

ಅವನು ಕಿಲುಬು ಕೆರೆದು, ಒಣ ರಟ್ಟಿನಿಂದ ಉಜ್ಜಿ, ತಗಡನ್ನು ಚೂರು ಬಗ್ಗಿಸಿದ. ಗಂಟೆ ಹೊಡೆಯಿತು.

ಸಂಜೆ ಶಿಫ್ಟ್ ಬಿಟ್ಟು ಹುಡುಗರು ಬಂದರು. ಯಾರೂ ಮೆಷಿನ್ ಹತ್ತಿರ ಹೋಗಲಿಲ್ಲ. ನಾನೇ ಒಂದು ಗುಂಡು ಬಿಟ್ಟೆ. ಗಂಟೆ ಕೇಳಿ ಒಬ್ಬ ಫೋನಿನಿಂದ ತಲೆ ಎತ್ತಿದ.

"ಅಜ್ಜೀ, ಸೌಂಡ್ ಕಮ್ಮಿ ಮಾಡಿ, ವಿಡಿಯೋ ಕೇಳಿಸ್ತಿಲ್ಲ."

"ಇದ್ರಲ್ಲಿ ಕಮ್ಮಿ ಮಾಡೋದು ಬರಲ್ಲ ಕಣಪ್ಪಾ" ಎಂದೆ.

ಅವನು ಲೋಟ ಎತ್ತಿಕೊಂಡು ಹೊರಗೆ ಹೋದ. ನಾನು ಇನ್ನೊಂದು ಗುಂಡು ಬಿಟ್ಟೆ.