ಪೀಪಿ ಮಿಠಾಯಿಯ ಶ್ರುತಿ

ಶಬ್ದದ ಪ್ರಯೋಗ ತೋರಿಸಲು ಗೆಂಡೆಹಳ್ಳಿಯ ಶಾಲೆಗೆ ಹೋಗಿದ್ದೆ. ಅಂದೇ ವಾರ್ಷಿಕೋತ್ಸವ. ಮೂರನೇ ತರಗತಿಯ ಅರ್ಧ ಮಕ್ಕಳು ಪೀಪಿಯಂತೆ ಊದಬಹುದಾದ ಮಿಠಾಯಿ ಊದುವುದು, ಉಳಿದವರು ಆ ಮಿಠಾಯಿಯ ಮೇಲೇ ಕಟ್ಟಿದ ತಮಾಷೆಯ ಹಾಡು ಹೇಳುವುದು ಎಂದಿತ್ತು.

ತಾಲೀಮಿನಲ್ಲಿ ಮೊಬೈಲಿನಿಂದ ಶ್ರುತಿ ಅಳೆದು ನೋಡಿದೆ. "ಮೇಡಂ, ಚೀಪಿದಷ್ಟೂ ತೂತು ದೊಡ್ಡದಾಗಿ ಶ್ರುತಿ ಏರ್ತಿದೆ. ವೇದಿಕೆ ಮೇಲೆ ಹಾಡು ಕೆಟ್ಟುಹೋಗುತ್ತೆ" ಎಂದೆ.

ಹಾಡು ಕಲಿಸಿದ ಟೀಚರ್ ನಕ್ಕರು. "ಏರ್ಲಿ ಬಿಡಿ ಸರ್. ಅದಕ್ಕೇ ಹಾಡನ್ನ ತಗ್ಗಿನ ಶ್ರುತೀಲಿ ಶುರು ಮಾಡಿಸಿದೀನಿ. ಚೀಪಬೇಡಿ ಅಂದ್ರೆ ಇವು ಕೇಳ್ತವೇನ್ರೀ?"

ವೇದಿಕೆಯಲ್ಲಿ ಪೀಪಿಗಳು ಕೂದಲೆಳೆಯಷ್ಟು ಏರಿದಾಗೆಲ್ಲ ಹಾಡುವ ಮಕ್ಕಳೂ ಅಷ್ಟೇ ಏರಿದರು. ಒಂದು ದನಿಯೂ ತಪ್ಪಲಿಲ್ಲ. ನನಗೆ ಮೈ ಜುಮ್ಮೆಂದಿತು.

ಹಾಡು ಮುಗಿದೊಡನೆ ಇನ್ನೊಮ್ಮೆ ಅಳೆಯೋಣವೆಂದು ಓಡಿದೆ. ಅಷ್ಟರಲ್ಲಿ ವಾದ್ಯಗಳೆಲ್ಲ ಹೊಟ್ಟೆ ಸೇರಿದ್ದವು.