ಮೂವತ್ತು ಕಿಲೊ ಡ್ರೈ ಐಸ್‌ನೊಂದಿಗೆ ಬೆಂಗಳೂರಿಗೆ

ಬೆಳಿಗ್ಗೆ ಎಂಟೂಕಾಲಿಗೆ ಮೈಸೂರಿನ ಕೃಷ್ಣಮೂರ್ತಿಪುರಂನ ನಮ್ಮ ಕಚೇರಿಯ ಮುಂದೆ ಮಾದೇಗೌಡರ ಬಿಳಿ ಟ್ಯಾಕ್ಸಿ ಬಂದು ನಿಂತಿತು. ಹೋಗಿಬರಲು ಬಾಡಿಗೆ ಐದೂವರೆ ಸಾವಿರ, ಟೋಲ್ ಬೇರೆ. ಬೆಂಗಳೂರಿನ ವಿಮಾನ ನಿಲ್ದಾಣದ ಹತ್ತಿರ ಇರುವ ಸರಕು ಕಚೇರಿಗೆ ಮಧ್ಯಾಹ್ನ ಎರಡರೊಳಗೆ ಒಂದು ಪೆಟ್ಟಿಗೆ ಒಪ್ಪಿಸಬೇಕಿತ್ತು. ದೂರ ನೂರ ಎಂಬತ್ತು ಕಿಲೋಮೀಟರ್ ದಾಟುತ್ತದೆ. ಏಪ್ರಿಲ್ ತಿಂಗಳು. ಅಷ್ಟು ಹೊತ್ತಿಗೇ ಬಿಸಿಲು ಚುರುಕಾಗಿತ್ತು.

ನಾನು ಇಲಿಜ್ವರದ ಒಂದು ಅಧ್ಯಯನದಲ್ಲಿ ಸಂಯೋಜಕಿ. ಗದ್ದೆ, ಚರಂಡಿಗಳ ನೀರಿನಲ್ಲಿ ಕೆಲಸ ಮಾಡುವವರಿಗೆ ಹೆಚ್ಚಾಗಿ ತಗಲುವ ಜ್ವರ ಅದು. ಔಷಧವನ್ನು ಎಷ್ಟು ದಿನ ಕೊಟ್ಟರೆ ಸಾಕು ಎಂದು ನಾಲ್ಕು ದೇಶಗಳಲ್ಲಿ ಒಟ್ಟಿಗೆ ಪರೀಕ್ಷೆ ನಡೆಯುತ್ತಿದೆ. ಹಣ ಕೊಡುವುದು ಹೊರದೇಶದ ಒಂದು ನಿಧಿ. ಈ ವರ್ಷ ಅವರು ನಾಲ್ಕೂ ಕಡೆಯ ಮೊತ್ತವನ್ನು ಇಳಿಸಿದರು. ಎಲ್ಲಿ ಕತ್ತರಿಸಬೇಕು ಎಂಬುದನ್ನು ನಮಗೇ ಬಿಟ್ಟರು. ನರ್ಸ್‌ಗಳ ಸಂಬಳ ಮುಟ್ಟುವಂತಿಲ್ಲ, ತಪಾಸಣೆಗೆ ಬರುವ ರೋಗಿಗಳ ಬಸ್ ಚಾರ್ಜು ಮುಟ್ಟುವಂತಿಲ್ಲ. ಮಾದರಿಗಳನ್ನು ಒಯ್ಯುವ ವ್ಯಾನನ್ನು ಬಿಟ್ಟು ಟ್ಯಾಕ್ಸಿ ಮಾಡೋಣ ಎಂದು ಸಭೆಯಲ್ಲಿ ಹೇಳಿದವಳು ನಾನು. ಆ ವ್ಯಾನಿನಲ್ಲಿ ಡ್ರೈವರ್ ಕೂರುವ ಜಾಗಕ್ಕೂ ಸಾಮಾನು ಇಡುವ ಜಾಗಕ್ಕೂ ನಡುವೆ ಗೋಡೆ ಏಕಿತ್ತು ಎಂದು ಯಾರೂ ಯೋಚಿಸಲಿಲ್ಲ.

ರೋಗಿಗಳ ರಕ್ತದಿಂದ ತೆಗೆದ ಸೀರಮ್ ಕರಗದೆ, ಮಂಜುಗಡ್ಡೆಯಂತೆ ಗಟ್ಟಿಯಾಗಿಯೇ ಹೊರದೇಶದ ಪ್ರಯೋಗಾಲಯ ತಲುಪಬೇಕು. ತಲುಪಿದರೆ ಮುಂದಿನ ಕಂತು ಬರುತ್ತದೆ, ಪರೀಕ್ಷೆ ಮುಂದುವರಿಯುತ್ತದೆ. ಜೊತೆಗೆ ಒಂದು ನಮೂನೆ ತುಂಬಬೇಕು. ಅದರ ಕೊನೆಯ ಪ್ರಶ್ನೆ, ಸಾಗಣೆಯಲ್ಲಿ ಅಸಹಜ ಘಟನೆ ಏನಾದರೂ ನಡೆಯಿತೇ ಎಂಬುದು. ಸರಕು ಕಚೇರಿಯಲ್ಲಿ ಸಮಯ ಉಳಿಯಲಿ ಎಂದು ಹೊರಡುವ ಮುಂಚೆಯೇ ‘ಇಲ್ಲ’ ಎಂದು ತುಂಬಿ ಬ್ಯಾಗಿಗೆ ಹಾಕಿಕೊಂಡೆ. ಯಾವಾಗಲೂ ಹಾಗೆಯೇ ಮಾಡುತ್ತಿದ್ದೆವು.

ಮೊದಲು ನಮ್ಮ ಮೈಸೂರಿನ ಹೆಬ್ಬಾಳಕ್ಕೆ ಹೋದೆವು. ಪಾಳಿ ಮುಗಿಸಿದವರನ್ನು ತುಂಬಿಕೊಂಡು ಬರುತ್ತಿದ್ದ ಬಸ್ಸುಗಳ ನಡುವೆ ದಾರಿ ಮಾಡಿಕೊಂಡು ಡ್ರೈ ಐಸ್ ಮಾರುವ ಶೆಡ್ ತಲುಪಲು ಅರ್ಧ ಗಂಟೆ ಹಿಡಿಯಿತು. ಡ್ರೈ ಐಸ್ ಎಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್. ಅದು ಕರಗಿ ನೀರಾಗುವುದಿಲ್ಲ, ನೇರ ಗಾಳಿಯಾಗುತ್ತದೆ. ಸೀರಮ್ ಸೀಸೆಗಳಿದ್ದ ಪೆಟ್ಟಿಗೆಗೆ ಇಪ್ಪತ್ತು ಕಿಲೊ ಸುರಿಸಿ, ದಾರಿಯಲ್ಲಿ ಕಡಿಮೆ ಬಿದ್ದರೆ ಇರಲಿ ಎಂದು ಇನ್ನೂ ಹತ್ತು ಕಿಲೊವನ್ನು ಗೋಣಿಚೀಲದಲ್ಲಿ ಹಾಕಿಸಿಕೊಂಡೆ. ಪೆಟ್ಟಿಗೆ ಹಿಂದಿನ ಸೀಟಿನಲ್ಲಿ, ಚೀಲ ಅದರ ಮುಂದೆ ಕಾಲಿಡುವ ಜಾಗದಲ್ಲಿ, ನಾನು ಡ್ರೈವರ್ ಪಕ್ಕ.

ಮಾದೇಗೌಡರಿಗೆ ಐವತ್ತೈದರ ಸುಮಾರು. ನಮ್ಮ ಕಚೇರಿಯ ಬಾಡಿಗೆಗೆ ಬಂದಿದ್ದು ಅದೇ ಮೊದಲು. ನಾನು ಪೆಟ್ಟಿಗೆಗೆ ಸೀಟ್ ಬೆಲ್ಟ್ ಹಾಕುವುದನ್ನು ನೋಡಿ ನಕ್ಕರು.

“ಮದ್ವೆ ಎಣ್ಣ ಕೂರ್ಸ್‌ದಂಗೆ ಕೂರಿಸ್ತಿದ್ದೀರಲ್ಲ ಮೇಡಮ್. ಮುಚ್ಚಳಾನೂ ಬಿಗಿಯಾಗಿ ಅಂಟಿಸ್‌ಬುಡಿ, ಸೆಕೆ ಒಳೀಕೋಗದಂಗೆ.”

“ಬಿಗಿಯಾಗಿ ಅಂಟಿಸಬಾರದು ಗೌಡ್ರೆ. ಗಾಳಿ ಒಳಗೇ ತುಂಬ್ಕೊಂಡ್ರೆ ಪೆಟ್ಟಿಗೆ ಒಡೆದು ಹೋಗುತ್ತೆ. ಅದು ಹೊರಗೆ ಬರ್ತಾನೇ ಇರಬೇಕು.”

“ಅಂಗಾದ್ರೆ ಬಂದಿದ್ ಗಾಳಿ ಎಲ್ಲಿಗೋಯ್ತದೆ?”

“ಎಲ್ಲಿಗೋ ಹೋಗುತ್ತೆ ಬಿಡಿ. ಗಾಳಿ ತಾನೇ.”

ನಾನು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಆ ಪ್ರಶ್ನೆ ಕೇಳಬೇಕಾದವಳು ನಾನು, ಕೇಳಿದವರು ಅವರು. ಈಗಲೂ ರಾಮಕೃಷ್ಣನಗರದ ಮನೆಯಲ್ಲಿ ಕೈಯಲ್ಲಿ ಕಾಫಿ ಲೋಟ ಹಿಡಿದು ಕೂತಾಗ ನನ್ನ ಆ ಉತ್ತರ ಕಿವಿಗೆ ಬೀಳುತ್ತದೆ.

ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ ಗೌಡರು ಎಲೆಅಡಿಕೆ ಹಾಕಿಕೊಂಡರು. ನಾನು ನಾಲ್ಕೂ ಗಾಜು ಏರಿಸಲು ಹೇಳಿದೆ. ಎ.ಸಿ.ಗೆ ಹೊರಗಿನ ಗಾಳಿ ಸೇರದಂತೆ ಗುಂಡಿ ಒತ್ತಿಸಿದೆ. ಒಳಗೆ ತಂಪಿದ್ದಷ್ಟೂ ಐಸ್ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಎಕ್ಸ್‌ಪ್ರೆಸ್‌ವೇ ಖಾಲಿಯಿತ್ತು, ಕಾರು ಸಲೀಸಾಗಿ ಹೋಯಿತು. ಶ್ರೀರಂಗಪಟ್ಟಣ ದಾಟುವಾಗ ನನಗೆ ತಲೆನೋವು ಶುರುವಾಯಿತು. ತಿಂಡಿ ತಿಂದಿರಲಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ.

“ಮೇಡಮ್, ಒಸಿ ಗ್ಲಾಸ್ ಇಳಿಸ್ಲಾ? ಉಗೀಬೇಕು.” ಬಾಯಲ್ಲಿ ರಸ ತುಂಬಿದ್ದರಿಂದ ಗೌಡರು ಗದ್ದ ಮೇಲೆತ್ತಿ ಮಾತಾಡಿದರು.

“ಮಂಡ್ಯ ದಾಟಲಿ ಗೌಡ್ರೆ. ಬಿಸಿಗಾಳಿ ನುಗ್ಗಿದ್ರೆ ಐಸ್ ಹೋಗ್ಬಿಡುತ್ತೆ.”

ಅವರು ತಲೆಯಾಡಿಸಿ ಬಾಯಿ ಮುಚ್ಚಿಕೊಂಡರು. ಎಷ್ಟು ಹೊತ್ತು ಹಾಗೆ ಹೋದೆವೋ ಗೊತ್ತಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವಳ ಹಾಗೆ, ಕೂತಲ್ಲೇ ಏದುಸಿರು ಬಿಡುತ್ತಿದ್ದೆ. ಎ.ಸಿ. ತಣ್ಣಗಿದ್ದರೂ ಗೌಡರ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಅದನ್ನು ನೋಡಿದೆ, ಆದರೆ ಏಕೆ ಎಂಬ ಯೋಚನೆ ಮುಂದೆ ಸಾಗಲಿಲ್ಲ. ಕಣ್ಣು ಎಳೆಯುತ್ತಿತ್ತು. ಕಾರು ನಿಧಾನವಾಗಿ ಬಲಕ್ಕೆ, ಪಕ್ಕದ ಸಾಲಿಗೆ ವಾಲುತ್ತಿರುವುದು ಕಂಡಿತು. ಹೇಳಬೇಕು ಎನ್ನಿಸಿತು. ನಾಲಗೆ ಏಳಲಿಲ್ಲ. ಹಿಂದಿನಿಂದ ಬಸ್ಸೊಂದರ ಹಾರ್ನ್ ಜೋರಾಗಿ ಕೇಳಿತು.

ಅಷ್ಟರಲ್ಲಿ ಗೌಡರು ಗಾಜು ಇಳಿಸಿ ಉಗಿದರು.

ಬಿಸಿಗಾಳಿ ಮುಖಕ್ಕೆ ಬಡಿಯಿತು. ಗೌಡರು ಒಮ್ಮೆ ಮೈ ಕೊಡವಿಕೊಂಡು ಸ್ಟೀರಿಂಗ್ ಎಡಕ್ಕೆಳೆದರು. ಬಸ್ಸು ಒಂದು ಮೊಳದ ಅಂತರದಲ್ಲಿ ದಾಟಿಹೋಯಿತು. ಅಂಚಿನಲ್ಲಿ ಕಾರು ನಿಲ್ಲಿಸಿ ಇಳಿದವರೇ ಅವರು ತಡೆಗಂಬಿ ಹಿಡಿದು ನಿಂತರು. ನಾನೂ ಬಾಗಿಲು ತೆಗೆದೆ. ಇಳಿದು ಅಲ್ಲೇ ನೆಲದ ಮೇಲೆ ಕೂತೆ. ತಿರುಗಿ ನೋಡಿದರೆ ಗೋಣಿಚೀಲದಿಂದ ಬಿಳಿ ಹಬೆ ಹರಿದು ಹಿಂದಿನ ಸೀಟಿನ ಕೆಳಗೆಲ್ಲ ಹರಡಿತ್ತು. ಆಗ ಅರ್ಥವಾಯಿತು. ಪೆಟ್ಟಿಗೆಗೆ ಉಸಿರಾಡಲು ಜಾಗ ಬಿಟ್ಟಿದ್ದೆ, ನಮ್ಮಿಬ್ಬರಿಗೆ ಬಿಟ್ಟಿರಲಿಲ್ಲ.

“ನಂಗೆ ಶುಗರ್ ಏರ್‌ಬುಡ್ತು ಅನ್ಕಂಡೆ,” ಎಂದರು ಗೌಡರು.

ಶುಗರ್ ಅಲ್ಲ, ಐಸಿನ ಗಾಳಿ ಎಂದು ಹೇಳಿದೆ. ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ಇಬ್ಬರಿಗೂ ಎಚ್ಚರ ತಪ್ಪುತ್ತಿತ್ತು ಎಂದೂ ಹೇಳಿದೆ.

“ನಾನು ಕೇಳ್ದೆನಲ್ಲ, ಅದೇ ಗಾಳಿನಾ?”

“ಅದೇ ಗೌಡ್ರೆ. ತಪ್ಪು ನನ್ನದು.”

ಅವರು ಬಾಟಲಿ ನೀರಿನಲ್ಲಿ ಮುಖ ತೊಳೆದುಕೊಂಡರು. ಅಂಗಿಯ ತೋಳಿನಲ್ಲಿ ಒರೆಸಿಕೊಳ್ಳುತ್ತ, “ಎಲೆಅಡ್ಕೆ ಬುಟ್ಬುಡು ಅಂತ ನಮ್ಮನೇವ್ಳು ದಿನಾ ಬೈತಳೆ. ಇನ್ ಮ್ಯಾಲೆ ನನ್ ಮುಂದೆ ಮಾತಾಡ್ಲಿ, ನೋಡ್ಕತೀನಿ,” ಎಂದರು. ನಾನು ನಗಲು ಹೋದೆ. ಅಳು ಬಂತು.

ಕೈಗವಸು ಹಾಕಿಕೊಂಡು ಚೀಲದ ಐಸನ್ನು ರಸ್ತೆಯಾಚೆಯ ಬಯಲಿಗೆ ಸುರಿದೆ. ತಲೆ ತಿಳಿಯಾಗುವವರೆಗೆ ಅರ್ಧ ಗಂಟೆ ಕಾದೆವು. ಆಮೇಲೆ ನಾಲ್ಕೂ ಗಾಜು ಇಳಿಸಿ, ಧೂಳು ಬಿಸಿಲು ತಿನ್ನುತ್ತ ಹೋದೆವು. ನಾನು ಗೌಡರ ಕಣ್ಣನ್ನೇ ನೋಡುತ್ತ ಕೂತಿದ್ದೆ. ಸರಕು ಕಚೇರಿ ತಲುಪಿದಾಗ ಒಂದೂ ಮುಕ್ಕಾಲು. ಅಲ್ಲಿನ ಹುಡುಗಿ ಪೆಟ್ಟಿಗೆ ತೂಗಿ, ಉಷ್ಣತೆಯ ದಾಖಲೆ ನೋಡಿ, “ಐಸ್ ಬೇಕಾದಷ್ಟಿದೆ ಮೇಡಂ, ಚೆನ್ನಾಗಿ ತಂದಿದ್ದೀರ,” ಎಂದಳು. ತುಂಬಿಟ್ಟ ನಮೂನೆಯ ಒಂದು ಪ್ರತಿ ಕೊಟ್ಟೆ. ನಿಧಿಗೆ ಕಳಿಸಬೇಕಾದ ಇನ್ನೊಂದು ಪ್ರತಿ ನನ್ನ ಬಳಿಯೇ ಉಳಿಯಿತು. ಎರಡರಲ್ಲೂ ‘ಇಲ್ಲ’ ಎಂದೇ ಇತ್ತು. ನಮ್ಮ ಮುಖ್ಯಸ್ಥೆ ಡಾಕ್ಟರ್ ಸುಮಿತ್ರಾ ಅವರಿಗೆ ಫೋನ್ ಮಾಡಿ ಪೆಟ್ಟಿಗೆ ತಲುಪಿತು ಎಂದೆ. ಉಳಿದದ್ದು ಹೇಳಲಿಲ್ಲ.

ವಾಪಸು ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೆವು. ಗೌಡರು ಎರಡು ತಿಂದರು. ನನಗೆ ಒಂದರ ಅರ್ಧ ಸೇರಿತು. ಕೈ ತೊಳೆದು ಬಂದು ಅವರು ಕೇಳಿದರು.

“ಆ ಫಾರಮ್ಮಲ್ಲಿ ಬರುದ್ರಾ ಮೇಡಮ್, ಇಂಗಿಂಗಾಯ್ತು ಅಂತ?”

“ಬರೆದಿಲ್ಲ. ಬರೆದ್ರೆ ದುಡ್ಡು ಕೊಡೋರು ವಿಚಾರಣೆ ಅಂತ ಕೂರ್ತಾರೆ. ನಾಲ್ಕು ದೇಶದಲ್ಲಿ ನಡೆಯೋ ಕೆಲಸ ಇದು, ನಮ್ಮ ಮುಂದಿನ ಕಂತು ನಿಲ್ಲಬಹುದು.”

“ಸೀಸೆಗೇನೂ ಆಗಿಲ್ವಲ್ಲ, ಬುಡಿ,” ಎಂದು ಅವರು ಕಾಫಿ ಹೀರಿದರು. ಲೋಟ ಕೆಳಗಿಟ್ಟ ಮೇಲೆ, “ಆದ್ರೂ ಮುಂದ್ಲ ಸಲ ಇನ್ಯಾವನ್ನೋ ಕರ್ಕೊಂಡೋಯ್ತೀರಿ. ಆ ನಾಕು ದೇಸ್ದಲ್ಲೂ ಇಂಗೇ ಟ್ಯಾಕ್ಸಿಲಿ ಒಯ್ತಾರೋ ಏನೋ. ಆ ಡ್ರೈವರು ಎಲೆಅಡ್ಕೆ ಆಕ್ಕಳೋನಲ್ದೆ ಓದ್ರೆ?” ಎಂದರು.

 ಆ ಟೇಬಲ್ಲಿನ ಮೇಲೆಯೇ ನನ್ನ ಪ್ರತಿ ತೆಗೆದು ‘ಇಲ್ಲ’ ಎಂಬುದನ್ನು ಹೊಡೆದುಹಾಕಿದೆ. ಐಸ್ ಎಷ್ಟಿತ್ತು, ಗಾಜು ಏರಿಸಲು ಹೇಳಿದವರು ಯಾರು, ಬಸ್ಸು ಎಷ್ಟು ಹತ್ತಿರ ಬಂದಿತ್ತು, ಗಾಜು ಏಕೆ ಇಳಿಯಿತು, ಎಲ್ಲವನ್ನೂ ಬರೆದೆ. ಬರೆದದ್ದನ್ನು ಗೌಡರಿಗೆ ಓದಿ ಹೇಳಿದೆ. ಉಗಿದದ್ದನ್ನೂ ಬರೆಯಬೇಕಿತ್ತಾ ಎಂದು ಅವರು ನಾಚಿಕೊಂಡರು.

ಆರು ಗಂಟೆಗೆ ಕೃಷ್ಣಮೂರ್ತಿಪುರಂ ಸೇರಿದೆವು. ಸುಮಿತ್ರಾ ಮೇಡಂ ನಮೂನೆಯನ್ನು ಎರಡು ಸಲ ಓದಿದರು. ಮಾತಿಗೆ ಮೊದಲು ನನಗೆ ಕುಡಿಯಲು ನೀರು ಕೊಟ್ಟರು.

“ಇದು ಹೋದ್ರೆ ತಿಂಗಳುಗಟ್ಟಲೆ ಪ್ರಶ್ನೆ ಕೇಳ್ತಾರೆ ಕಣಮ್ಮ. ನಮ್ಮ ನರ್ಸ್‌ಗಳ ಸಂಬಳಕ್ಕೆ ಏನ್ಮಾಡೋಣ?”

“ಗೊತ್ತಿಲ್ಲ ಮೇಡಂ. ಉಳಿದ ಮೂರು ದೇಶದವರೂ ವ್ಯಾನನ್ನೇ ಕತ್ತರಿಸಿದ್ರೆ?”

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಮೇಲೆ ಕೆಳಗೆ ಸಹಿ ಮಾಡಿ, ಸ್ಕ್ಯಾನ್ ಮಾಡಿ ಕಳಿಸಲು ಕೊಟ್ಟರು. ಇದಾಗಿ ಹದಿನೈದು ದಿನವಾಯಿತು. ಪ್ರಶ್ನೆಗಳು ಬರುತ್ತಿವೆ, ಕಂತು ಬಂದಿಲ್ಲ.

ಅಂದು ಸಂಜೆ ಬಾಡಿಗೆ ಕೊಡಲು ಹೊರಗೆ ಬಂದಾಗ ಗೌಡರು ಕಾರಿಗೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಣ ಎಣಿಸದೆ ಜೇಬಿಗಿಟ್ಟು, “ಮನೇಗೋಗಿ ಒಸಿ ಮಲೀಕಳಿ ಮೇಡಮ್,” ಎಂದು ಹೇಳಿ ಹೊರಟರು. ತಿರುವಿನವರೆಗೆ ನೋಡುತ್ತ ನಿಂತೆ. ಹಿಂದಿನ ಸೀಟು ಖಾಲಿಯಿತ್ತು. ಆದರೂ ನಾಲ್ಕೂ ಗಾಜು ಇಳಿದೇ ಇದ್ದವು.